ಬೀಳುವ ಇಟ್ಟಿಗೆಗಳು ಮತ್ತು ನಮ್ಮಪ್ಪನ ಕತ್ತರಿ

ಬಸ್ ನಿಲ್ದಾಣದ ಎದುರಿಗೆ ಟೇಲರ್ ಅಂಗಡಿ ಇಟ್ಟವನ ಬಾಳಿನಲ್ಲಿ ಜನ ನಗುವಂಥದ್ದು ನಡೆಯದ ವಾರವಿಲ್ಲ. ತೊಂಬತ್ತರ ದಶಕದ ನಡುವೆ ಎರಡು ವರ್ಷ ಮಾತ್ರ ನಮ್ಮೂರು ಮಸ್ಕಿಯೆಲ್ಲ ನಕ್ಕಿತು, ನಾನು ನಕ್ಕದ್ದು ಒಂದೇ ಸಲ, ಅದೂ ನಗಬಾರದ ಹೊತ್ತಿನಲ್ಲಿ. ಈಗ ನೀವೂ ನಗಿರಿ, ನನಗೆ ರೂಢಿಯಾಗಿದೆ.

ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿದವನೇ ಮಾಸ್ತರ. ಉಳಿದವರು ಹೊಲಿಯುವವರು, ಎಲ್ಲರಿಗಿಂತ ಕೆಳಗೆ ಕಾಜಾ ಮಾಡುವವರು. ಗುಂಡಿ ತೂರುವ ತೂತಿನ ಅಂಚಿಗೆ ದಾರ ಸುತ್ತುವುದೇ ಕಾಜಾ. ನಮ್ಮಪ್ಪ ನನ್ನ ಕೈಯಲ್ಲಿ ಮೂರು ವರ್ಷ ಅದನ್ನೇ ಮಾಡಿಸಿ, ಆಮೇಲೆ ತನ್ನ ಕತ್ತರಿ ಮುಟ್ಟಗೊಟ್ಟ. ನನ್ನ ಮದುವೆಯಾದ ಮೇಲೆ ಕಾಜಾ ಹೆಂಡತಿಯ ಪಾಲಿಗೆ ಬಂತು. ಒಮ್ಮೆ ಆಕೆ ತನಗೂ ಕಟಿಂಗ್ ಕಲಿಸಿ ಎಂದು ಕೇಳಿದಳು.

“ನೀ ಕಾಜಾ ಭಾಳ ಛಲೋ ಮಾಡ್ತಿ. ಇಂಥಾ ಕೈ ಕತ್ತರಿ ಹಿಡಿದು ಕೆಡಿಸ್ಕೋಬ್ಯಾಡ” ಎಂದೆ.

ಆಕೆ ದಾರ ಹಲ್ಲಿನಿಂದ ಕಡಿದಳು.

೧. ಲೆಕ್ಕದ ಮಷೀನು

ದಾರ, ಒಳಪದರಿನ ಅಸ್ತರು ತರಲು ಸಿಂಧನೂರಿಗೆ ಹೋದವನು ಬಸ್ ನಿಲ್ದಾಣದ ಹೊರಗೆ ನೆಲದ ಮೇಲೆ ಸಾಮಾನು ಹರವಿಕೊಂಡು ಕೂತವನ ಮುಂದೆ ನಿಂತೆ. ಅವನ ಹತ್ತಿರ ಅಂಗೈಯಗಲದ ಒಂದು ಪ್ಲಾಸ್ಟಿಕ್ ಆಟವಿತ್ತು. ಸಣ್ಣ ಪರದೆಯಲ್ಲಿ ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ತಿರುಗಿಸಿ ಸಂದಿಲ್ಲದಂತೆ ಜೋಡಿಸಿದರೆ ಆ ಸಾಲು ಮಾಯವಾಗುತ್ತದೆ. ಸುಮ್ಮನೆ ಒಂದು ಕೈ ಆಡಿ ನೋಡ್ರಿ ಎಂದ. ನೋಡಿದೆ. ಮಸ್ಕಿಯ ಎರಡು ಬಸ್ಸು ಹೋದವು. ಮೂರನೆಯದಕ್ಕೆ ಆಟವನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿದೆ. ದಾರವೂ ಇಲ್ಲ, ಅಸ್ತರೂ ಇಲ್ಲ.

ಮನೆಯಲ್ಲಿ ಇದು ಲೆಕ್ಕ ಮಾಡುವ ಮಷೀನು ಎಂದೆ. ಹೆಂಡತಿ ನಂಬಿದವಳಂತೆಯೇ ಕಂಡಳು. ಊಟಕ್ಕೆ ಕೂತಾಗ ಗುಂಡಿ ಎಲ್ಲೋ ಒತ್ತಿಹೋಗಿ ಅದು ಜೇಬಿನೊಳಗೆ ಕುಂಯ್ ಕುಂಯ್ ಎಂದಿತು. ಆಕೆ ರೊಟ್ಟಿ ಹಾಕುತ್ತ ಕೇಳಿದಳು: “ಲೆಕ್ಕ ತಪ್ಪಿದ್ರ ಅಳತೈತೇನ್ರೀ ಇದು?”

೨. ಪಾಮನಕಲ್ಲೂರಿನ ಹೂವಿನ ಅಂಗಿ

ನಮ್ಮಲ್ಲಿ ಚೀಟಿ ಓದಲು ಬಾರದ ಗಿರಾಕಿಗಳೇ ಹೆಚ್ಚು. ಅದಕ್ಕೇ ಅರಿವೆಯ ಅಂಚಿನಿಂದ ಎರಡು ಚೂರು ಕತ್ತರಿಸಿ, ಒಂದನ್ನು ಅವರ ಕೈಗೆ ಕೊಟ್ಟು ಇನ್ನೊಂದನ್ನು ಪುಸ್ತಕದಲ್ಲಿ ಅವರ ಅಳತೆಯ ಪಕ್ಕ ಟಾಚಣಿ ಹಾಕಿ ಚುಚ್ಚುತ್ತಿದ್ದೆವು. ಚೂರೇ ರಸೀದಿ. ಅಪ್ಪನ ಕಾಲದಿಂದ ಒಂದು ಸಲವೂ ತಪ್ಪಿರಲಿಲ್ಲ.

ಆಟ ಬಂದ ಮೇಲೆ ಟಾಚಣಿ ಚುಚ್ಚಲು ಕೈಗೆ ಬಿಡುವಿರಲಿಲ್ಲ. ಚೂರುಗಳನ್ನು ಹಾಳೆಗಳ ನಡುವೆ ತುರುಕಿ, ಆಟ ಮುಗಿದ ಮೇಲೆ ಚುಚ್ಚಿದರಾಯಿತು ಅಂದುಕೊಳ್ಳುತ್ತಿದ್ದೆ. ಆ ಆಟ ಮುಗಿಯುವುದೇ ಇಲ್ಲವೆಂದು ಸಿಂಧನೂರಿನವನು ಹೇಳಿರಲಿಲ್ಲ.

ಪಾಮನಕಲ್ಲೂರಿನ ಒಬ್ಬ ರೈತ ತನಗೆ ಬಿಳಿ ಅಂಗಿ, ಮಗಳಿಗೆ ಹೂವಿನ ಲಂಗ ಎಂದು ಎರಡು ಅರಿವೆ ಕೊಟ್ಟು ಹೋಗಿದ್ದ. ಹಬ್ಬದ ಹಿಂದಿನ ದಿನ ಬಂದ. ಕೊಟ್ಟೆ. ಎರಡನ್ನೂ ಕಟಿಂಗ್ ಮೇಜಿನ ಮೇಲೆ ಹರವಿ ನೋಡುತ್ತ ನಿಂತ. ಅಂಗಿಯ ತುಂಬ ಕೆಂಪು ಗುಲಾಬಿ, ಲಂಗ ಹಾಲಿನಷ್ಟು ಬಿಳಿ. ಬೈಯಲಿ ಎಂದು ಕಾದೆ. ಬೈದಿದ್ದರೆ ಛಲೋ ಇತ್ತು.

“ಅಳತಿ ಬರೋಬ್ಬರಿ ಐತಿ ಮಾಸ್ತರ” ಎಂದ. “ಆದ್ರ ಇದನ್ನ ಹಾಕ್ಕೊಂಡು ಹೊಲಕ್ಕ ಹೋದ್ರ ನಮ್ಮ ಎತ್ತು ಬೆದರ್ತಾವ.”

೩. ನಲವತ್ತು, ಒಂಬತ್ತು

ಇದನ್ನು ಹೇಳುವಾಗ ಜನ ಬಿದ್ದುಬಿದ್ದು ನಗುತ್ತಾರೆ. ನಾನು ಮುಗಿಯುವವರೆಗೆ ತಲೆ ಎತ್ತುವುದಿಲ್ಲ.

ಸಾಲಗುಂದದ ಒಬ್ಬ ಹುಡುಗ ಲಿಂಗಸುಗೂರಿಗೆ ಹೆಣ್ಣು ನೋಡಲು ಹೋಗಬೇಕಿತ್ತು, ಅಂಗಿ ಹೊಲಿಸಲು ಬಂದ. ಅಳತೆ ತೆಗೆದುಕೊಂಡೆ, ಬರೆಯುವಷ್ಟರಲ್ಲಿ ಆಟ ಕರೆಯಿತು. ಆಡಿ ಮುಗಿಸಿ ಪೆನ್ಸಿಲ್ ಹಿಡಿದಾಗ ತಲೆಯಲ್ಲಿ ಉಳಿದದ್ದು ಎರಡೇ ಅಂಕಿ, ಕೆಡವಿದ ಸಾಲು ನಲವತ್ತು, ವೇಗ ಒಂಬತ್ತು. ನಮ್ಮ ಪುಸ್ತಕದಲ್ಲಿ ಮೊದಲು ಎದೆ, ಆಮೇಲೆ ಕಾಲರ್ ಬರೆಯುವ ಪದ್ಧತಿ. ಎದೆ ನಲವತ್ತು, ಕಾಲರ್ ಒಂಬತ್ತು ಎಂದು ಬರೆದೆ. ಒಂಬತ್ತು ಇಂಚಿನ ಕೊರಳು ತೊಟ್ಟಿಲ ಕೂಸಿಗಿರುತ್ತದೆ. ಕತ್ತರಿಸುವಾಗಲೂ ಹೊಳೆಯಲಿಲ್ಲ.

ಹುಡುಗ ಅಂಗಿ ಒಯ್ದವನು ಹೆಣ್ಣು ನೋಡಲು ಹೊರಡುವ ಹೊತ್ತಿಗೇ ಹಾಕಿಕೊಂಡ. ಎದೆಯ ಗುಂಡಿಗಳೆಲ್ಲ ಕೂತವು, ಕಾಲರಿನದು ಗೇಣು ದೂರ ಉಳಿಯಿತು. ಬೇರೆ ಒಳ್ಳೆಯ ಅಂಗಿ ಇರಲಿಲ್ಲ. ಕೊರಳಿಗೆ ಟವೆಲ್ ಸುತ್ತಿಕೊಂಡು ಹೋದ. ಮೂರು ದಿನ ಬಿಟ್ಟು ಅಂಗಿ ತಂದು ನನ್ನ ಮುಂದಿಟ್ಟ.

“ಸೆಕಿ ಐತಿ, ಟವೆಲ್ ತೆಗೀರಿ ಅಂದ್ರು ಮಾಸ್ತರ. ನಾ ತೆಗೀಲಿಲ್ಲ” ಎಂದ. “ಹುಡುಗಗ ಗಳಗಂಡ ಐತಿ, ಮುಚ್ಚಾಕತ್ತಾರ ಅಂತ ಅಂದು ಕಳಿಸಿಬಿಟ್ರು.”

ಆ ಹೊತ್ತಿನಲ್ಲಿ ನನಗೆ ನಗು ಬಂತು. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಿದೆ. ಹೆಂಡತಿ ಬಂದು ಪುಸ್ತಕ ತೆರೆದು ಆ ಎರಡು ಅಂಕಿ ನೋಡಿದಳು, ನನ್ನನ್ನೂ ನೋಡಿದಳು. ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಅಂಗಿಯ ಹಿಂದಿನ ಅಡಿಪಟ್ಟಿ ಕತ್ತರಿಸಿ ಹೊಸ ಕಾಲರ್ ಮಾಡಿ ಕೂಡಿಸಿಕೊಟ್ಟಳು. ಇಷ್ಟು ವರ್ಷ ಕಾಜಾ ಮಾಡುತ್ತ ನನ್ನ ಕೈಯನ್ನೇ ನೋಡುತ್ತಿದ್ದಳೆಂದು ಆಗ ಗೊತ್ತಾಯಿತು. ಅಪ್ಪನ ಕತ್ತರಿ ಮೊದಲ ಸಲ ಆಕೆಯ ಕೈ ಸೇರಿದ್ದು ಹೀಗೆ. ಕೊಟ್ಟವನು ನಾನಲ್ಲ, ನನ್ನ ಕೈಯಲ್ಲಿ ಬೇರೆ ಏನೋ ಇತ್ತು.

೪. ಚಹಾದವನ ಕಾವಲು

ಬಿಡಬೇಕೆಂದು ಮನಸ್ಸು ಮಾಡಲಿಲ್ಲ ಅಂತಲ್ಲ. ಪಕ್ಕದ ಚಹಾ ಹೋಟೆಲಿನವನ ಕೈಗೆ ಆಟ ಕೊಟ್ಟು, ಕಾಲು ಹಿಡಿದರೂ ವಾಪಸ್ ಕೊಡಬೇಡ ಎಂದು ಆಣೆ ಹಾಕಿಸಿಕೊಂಡೆ. ಎಂಟು ದಿನ ನೆಟ್ಟಗಿದ್ದೆ. ಒಂಬತ್ತನೆಯ ದಿನ ಚಹಾಕ್ಕೆ ಹೋದರೆ ಒಲೆಯ ಮೇಲೆ ಹಾಲು ಉಕ್ಕಿ ಹರಿದಿದೆ, ಗಿರಾಕಿಗಳು ತಾವೇ ಕಪ್ಪು ತೊಳೆದುಕೊಳ್ಳುತ್ತಿದ್ದಾರೆ, ಅವನು ಗಲ್ಲಾದ ಹಿಂದೆ ತಲೆ ಬಗ್ಗಿಸಿ ಕೂತಿದ್ದಾನೆ. ನನ್ನ ನಲವತ್ತು ಸಾಲು ದಾಟಿ ಅರವತ್ತಕ್ಕೆ ಹೋಗಿದ್ದ. ಆ ಸಿಟ್ಟಿಗೇ ಕಸಿದುಕೊಂಡು ಬಂದು ಮತ್ತೆ ಶುರು ಹಚ್ಚಿದೆ.

೫. ಕಾಜಾ

ಒಂದು ಮಧ್ಯಾಹ್ನ ಸೆಲ್ಲು ಮುಗಿದು ಪರದೆ ಆರಿತು. ತಲೆ ಎತ್ತಿದೆ. ಅಂಗಡಿ ತುಂಬ ಜನ, ಎಲ್ಲರ ಮುಖವೂ ಹೆಂಡತಿಯ ಕಡೆಗೆ. ಗಂಡಸರ ಮೈಗೆ ಟೇಪು ಹಿಡಿಯುವುದು ಸರಿಯಲ್ಲವೆಂದು ಆಕೆ ಅಳತೆಗೆ ಅವರ ಹಳೆಯ ಅಂಗಿ ತರಿಸಿಕೊಳ್ಳುತ್ತಿದ್ದಳು. ಸಾಲಗುಂದದ ಹುಡುಗನೂ ಅಲ್ಲಿದ್ದ. ಬೇರೆ ಕಡೆ ಹೆಣ್ಣು ಗೊತ್ತಾಗಿತ್ತಂತೆ, ಅಳತೆಗೆ ಅದೇ ಕಾಲರಿನ ಅಂಗಿ ತಂದಿದ್ದ. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅಪ್ಪ ಕೊಟ್ಟ ಒಂದೇ ಆಸ್ತಿ ಆ ಕತ್ತರಿ, ಅದು ನನ್ನನ್ನು ಬಿಟ್ಟು ಚಕ್‌ಚಕ್ ಎಂದು ನಡೆದಿತ್ತು.

ಎದ್ದು ಹೋಗಿ, ಆಟ ಬಿಟ್ಟೆ, ಕತ್ತರಿ ಕೊಡು ಎಂದೆ. ಆಕೆ ಸೂಜಿ ದಾರ ಕೊಟ್ಟಳು.

“ಮಾವಾರು ಮೂರು ವರ್ಷ ಕಾಜಾ ಮಾಡಿಸಿ ಕತ್ತರಿ ಕೊಟ್ರಲ್ಲ ನಿಮಗ? ಪದ್ಧತಿ ಪದ್ಧತಿನ ರೀ.”

ಕೂತೆ. ಕಾಜಾಕ್ಕೆ ಎರಡು ಕೈಯೂ ಬೇಕು, ಕಣ್ಣೂ ಬೇಕು. ಚಟ ಬಿಟ್ಟದ್ದು ಹೀಗೆ, ದೇವರೂ ಬರಲಿಲ್ಲ, ಬುದ್ಧಿಯೂ ಬರಲಿಲ್ಲ. ಆಟ ಈಗಲೂ ಇದೆ, ಕತ್ತರಿಸುವಾಗ ಅರಿವೆ ಸರಿಯದಂತೆ ಮೇಲೆ ಭಾರಕ್ಕೆ ಇಡುತ್ತಾಳೆ.

ಮೂರು ವರ್ಷ ತುಂಬಿದ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮೇಜಿನ ಮುಂದೆ ನಿಂತು ಕೈ ಚಾಚಿದೆ. ಹೆಂಡತಿ ಕತ್ತರಿ ಕೆಳಗಿಟ್ಟಳು. ನಾನು ಕಾಜಾ ಮಾಡಿಟ್ಟಿದ್ದ ಅಂಗಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಒಂದೊಂದೇ ಕಾಜಾದ ಮೇಲೆ ಬೆರಳಾಡಿಸಿದಳು.

“ಭಾಳ ಛಲೋ ಮಾಡ್ತೀರಿ” ಎಂದಳು. “ಇಂಥಾ ಕೈ ಕತ್ತರಿ ಹಿಡಿದು ಕೆಡಿಸ್ಕೋಬ್ಯಾಡ್ರಿ.”

ನಾನು ಸೂಜಿ ಎತ್ತಿಕೊಂಡು ಮತ್ತೆ ಕೂತೆ. ದಾರ ಹಲ್ಲಿನಿಂದ ಕಡಿದೆ.