ಭಾವ ತೋರಿಸಿದ ತಾಜ್ ಮಹಲ್

ತಾಜ್ ಮಹಲಿನ ಜೊತೆ ಜಗಳವಾಡಿ ಮಾತು ಬಿಟ್ಟಿರುವ ಮನುಷ್ಯ ಈ ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನನ್ನ ಭಾವ. ಟಿವಿಯಲ್ಲಿ ಅದು ಕಂಡರೆ ಚಾನಲ್ ಬದಲಿಸುತ್ತಾರೆ. ಅಕ್ಕಿಯ ಚೀಲದ ಮೇಲೆ ಅದರ ಚಿತ್ರ ಇದ್ದರೆ ಬೇರೆ ಅಕ್ಕಿ ಹುಡುಕುತ್ತಾರೆ. ನ್ಯಾಯವಾಗಿ ಸಿಟ್ಟು ಬರಬೇಕಾದದ್ದು ತಾಜ್ ಮಹಲಿಗೆ. ಅದಕ್ಕೆ ಬಾಯಿ ಇಲ್ಲ, ನನಗಿದೆ. ಆದ್ದರಿಂದ ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸ್ವಲ್ಪ ಹೊಂದಿಕೊಳ್ಳಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಸೂಪರ್‌ವೈಸರ್. ದಿನವಿಡೀ ಟ್ರಕ್ ಇಂಜಿನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಮನೆಯಲ್ಲೂ ಅದೇ ಗಂಟಲು. ‘ಯಲ್ಲಾ’ ಎಂದರೆ ನಾವು ಇದ್ದಲ್ಲಿಂದ ಎದ್ದು ಹೊರಡಬೇಕು. ‘ಖಲಾಸ್’ ಎಂದರೆ ಮಾತು ಮುಗಿಯಿತು. ಇವೆರಡರ ನಡುವೆ ಬೇರೆಯವರು ಬಾಯಿ ಹಾಕಲು ಜಾಗ ಎಲ್ಲಿದೆ? ಅವರ ಗ್ಯಾರೇಜಿನಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಕುಟುಂಬದಲ್ಲಂತೂ ಇಲ್ಲ. ನಮ್ಮ ಮನೆಮಾತು ತುಳು. ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುವಾಗ ಬೈಗುಳದ ಖಾರ ಅರ್ಧ ಇಳಿದುಹೋಗಿದೆ. ಅದು ಭಾವನ ಅದೃಷ್ಟ.

ಅವರ ಮುಖ್ಯ ಕಾಯಿಲೆ ಶುಕ್ರವಾರ. ಇಲ್ಲಿ ಗ್ಯಾರೇಜಿನವರಿಗೆ ವಾರಕ್ಕೆ ಒಂದೇ ರಜೆ, ಅದು ಶುಕ್ರವಾರ. ನಮಗೆಲ್ಲ ಇಲ್ಲಿ ಶುಕ್ರವಾರವೇ ಭಾನುವಾರ, ಊರಿಗೆ ಹೋದಾಗ ಮತ್ತೆ ಭಾನುವಾರವೇ ಭಾನುವಾರ. ಎಲ್ಲರೂ ಹೀಗೆ ಹೊಂದಿಕೊಂಡಿದ್ದೇವೆ. ಭಾವ ಹೊಂದಿಕೊಂಡಿಲ್ಲ. ಭೂಮಿ ಇರುವಷ್ಟು ದೂರವೂ ಶುಕ್ರವಾರವೇ ರಜೆ ಎಂದು ಅವರ ನಂಬಿಕೆ. ಒಮ್ಮೆ ಭಾನುವಾರ ಬೆಳಿಗ್ಗೆ ಉಡುಪಿಯ ಬ್ಯಾಂಕಿಗೆ ಫೋನ್ ಮಾಡಿ, ಯಾರೂ ಎತ್ತದೆ ಹೋದಾಗ ನನಗೆ ಫೋನ್ ಮಾಡಿ ಕಿರುಚಿದರು.

“ಕೆಲಸದ ದಿನವೇ ಇವರು ಮಲಗಿದ್ರೆ ದೇಶ ಉದ್ಧಾರ ಆಗ್ತದಾ?”

“ಭಾವ, ಊರಲ್ಲಿ ಇವತ್ತು ಭಾನುವಾರ.”

“ಇಲ್ಲಿ ಎಂತ, ಬುಧವಾರವಾ?”

ನಾನು ಫೋನ್ ಇಟ್ಟೆ. ಪಕ್ಕದಲ್ಲಿದ್ದ ನನ್ನ ಮಗಳು, “ಅಮ್ಮಾ, ದೊಡ್ಡಪ್ಪ ಈಸ್ ಇಂಪಾಸಿಬಲ್” ಎಂದಳು. ಅವಳಿಗೆ ತುಳು ಬಾಯಿಗೆ ಬರುವುದಿಲ್ಲ, ಆದರೆ ವಿಷಯ ಸರಿಯಾಗಿ ಅರ್ಥವಾಗುತ್ತದೆ.

ಇನ್ನು ಅಕ್ಕ. ಅಕ್ಕ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್, ವಯಸ್ಸಾದ ಹೆಂಗಸರ ವಾರ್ಡಿನಲ್ಲಿ. ಆ ವಾರ್ಡಿನ ಅಜ್ಜಿಯರಿಗೆ ಇಂಡಿಯಾ ಎಂದರೆ ತಾಜ್ ಮಹಲ್. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ಕೇಳುತ್ತಾರಂತೆ, “ಸಿಸ್ಟರ್, ನೀನು ತಾಜ್ ಮಹಲ್ ನೋಡಿದ್ದೀಯಾ?” ಇಲ್ಲ ಎಂದರೆ ಅವಳನ್ನೇ ರೋಗಿ ಎನ್ನುವ ಹಾಗೆ ಕನಿಕರದಿಂದ ನೋಡುತ್ತಾರಂತೆ. ಒಬ್ಬ ಅಜ್ಜಿ ತೀರಾ ಹಾಸಿಗೆ ಹಿಡಿದಿದ್ದರು. ಅವರು ಕೇಳಿದಾಗ ಅಕ್ಕನಿಗೆ ಇಲ್ಲ ಎನ್ನಲು ಮನಸ್ಸು ಬರದೆ ಹೌದು ಎಂದುಬಿಟ್ಟಳು. ಅಜ್ಜಿ ಕೈ ಹಿಡಿದುಕೊಂಡು ದಿನಾ ಕೇಳಿದರು, ಅಕ್ಕ ದಿನಾ ಕ್ಯಾಲೆಂಡರಿನಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಆಮೇಲೆ ಆ ಅಜ್ಜಿ ತೀರಿಕೊಂಡರು.

“ಸಾಯುವವರಿಗೆ ಸುಳ್ಳು ಹೇಳಿದೆ ಮಾರಾಯ್ತಿ” ಎಂದು ಅಕ್ಕ ಕುವೈತಿನ ಸಲ್ವಾದಲ್ಲಿರುವ ನನ್ನ ಫ್ಲಾಟಿನಲ್ಲಿ ಕೂತು ಅತ್ತಿದ್ದಳು. “ಒಂದು ಸಲ ಅದರ ಒಳಗೆ ಹೋಗಿ ನೋಡಿ ಬರ್ಬೇಕು. ಇನ್ನು ಯಾರಾದ್ರೂ ಕೇಳಿದ್ರೆ ನಾನು ಸರಿಯಾಗಿ ಹೇಳ್ಬೇಕು.”

ಜೀವನದಲ್ಲಿ ಅಕ್ಕ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಮಕ್ಕಳಿಲ್ಲ, ಒಡವೆಯ ಆಸೆಯಿಲ್ಲ, ಜಗಳವಂತೂ ಬರುವುದೇ ಇಲ್ಲ. ಇಂಥವಳ ಒಂದೇ ಒಂದು ಆಸೆಯನ್ನು ಭಾವನ ಕೈಗೆ ಕೊಡಬಾರದಿತ್ತು. ಆದರೆ ಕೊಟ್ಟಾಗಿತ್ತು.

ಈ ವರ್ಷ ಅಕ್ಕನಿಗೆ ಹೇಗೋ ರಜೆ ಸಿಕ್ಕಿತು. ಊರಿಗೆ ಹೋಗಿ, ವಾಪಸು ಬರುವಾಗ ದಿಲ್ಲಿಯ ಮೇಲಿಂದ ಬರುವುದು, ನಡುವೆ ಆಗ್ರಾ. ಗುಂಪಿನ ಜೊತೆ ಬಸ್ಸಿನಲ್ಲಿ ನುಗ್ಗುವುದು ಬೇಡ, ನಮಗೇ ಅಂತ ಒಂದು ಕಾರು, ನಮಗೇ ಅಂತ ಒಬ್ಬ ಗೈಡ್, ಇಡೀ ದಿನ. ಭಾವ ಇದನ್ನೆಲ್ಲ ಫೋನಿನಲ್ಲೇ ಬುಕ್ ಮಾಡಿದರು. ನಾನು ಎದುರಿಗೇ ಇದ್ದೆ. ಆ ಕಡೆಯವನು ಪಾಪ, “ಸರ್, ಶುಕ್ರವಾರ...” ಎಂದು ಏನೋ ಶುರು ಮಾಡಿದ್ದು ನನಗೂ ಕೇಳಿಸಿತು. ಭಾವ, “ಹಾಂ ಭಾಯಿ, ಶುಕ್ರವಾರವೇ. ಖಲಾಸ್” ಎಂದು ಕಟ್ ಮಾಡಿದರು. ಆಮೇಲೆ ಆ ಟೂರಿನವರು ಮೆಸೇಜ್ ಮೇಲೆ ಮೆಸೇಜ್ ಕಳಿಸಿದ್ದಾರೆ. ಭಾವ ಮೆಸೇಜ್ ಓದುವುದಿಲ್ಲ. ಅಷ್ಟು ಮುಖ್ಯವಾಗಿದ್ದರೆ ಬಾಯಲ್ಲಿ ಹೇಳಬೇಕಂತೆ. ಬಾಯಲ್ಲಿ ಹೇಳಿದರೆ ಕೇಳುತ್ತಾರೆಯೇ?

ನನ್ನನ್ನು ಜೊತೆಗೆ ಕರೆದದ್ದು ಅಕ್ಕ. ಅವಳಿಗೆ ಜಗಳ ಬಿಡಿಸಲು ಒಂದು ಜನ ಬೇಕಿತ್ತು. ನನ್ನ ಗಂಡ ಮಾತ್ರ, “ನನಗೆ ಕಫೀಲ್ ರಜೆ ಕೊಡುವುದಿಲ್ಲ” ಎಂದು ಕುವೈತಿನಲ್ಲೇ ಉಳಿದ. ಕಫೀಲ್ ಎಂದರೆ ವೀಸಾ ಕೊಟ್ಟ ಧಣಿ. ಅವನು ಆ ಧಣಿಯನ್ನು ಕೇಳಿಯೇ ಇರಲಿಲ್ಲ.

ಆಗ್ರಾ ತಲುಪಿದ್ದು ಗುರುವಾರ ಬೆಳಿಗ್ಗೆ. ಗಮನಿಸಿ, ಗುರುವಾರ ಬೆಳಿಗ್ಗೆ! ಇಡೀ ದಿನ ನಮ್ಮ ಕೈಯಲ್ಲಿತ್ತು.

“ಇವತ್ತೇ ನೋಡಿ ಬರುವ ಭಾವ” ಎಂದೆ.

“ಗುರುವಾರ ಯಾರಾದ್ರೂ ತಿರುಗಾಡ್ಲಿಕ್ಕೆ ಹೋಗ್ತಾರಾ? ಇವತ್ತು ರೆಸ್ಟ್. ನಾಳೆ ಬೇಗ ಹೊರಡ್ಬೇಕು.”

ಅಕ್ಕನಾದರೂ ಒಂದು ಮಾತು ಹೇಳಿದ್ದರೆ! ಅವಳು ನಗುತ್ತಾ ಸೀರೆ ಮಡಿಸುತ್ತಿದ್ದಳು. ನಾವು ಇಡೀ ಗುರುವಾರ ಹೋಟೆಲಿನ ಕೋಣೆಯಲ್ಲಿ ಕೂತು ಗೋಡೆ ನೋಡಿದೆವು. ಭಾವ ಗೊರಕೆ ಹೊಡೆದರು.

ಶುಕ್ರವಾರ ಬೆಳಿಗ್ಗೆ ಕಾರು ಬಂತು, ಗೈಡ್ ಬಂದ. ಬಿಳಿ ಟೋಪಿಯ, ಸಣಕಲು, ಮರ್ಯಾದಸ್ಥ ಮನುಷ್ಯ. ಭಾವ ಕುವೈತಿನ ಕಡಲತೀರಕ್ಕೆ ಪಿಕ್ನಿಕ್ಕಿಗೆ ಹೊರಟವರ ಹಾಗೆ ಮಡಚುವ ಕುರ್ಚಿ, ಚಹಾದ ಫ್ಲಾಸ್ಕು, ಐಸ್ ಬಾಕ್ಸ್ ಎಲ್ಲ ಡಿಕ್ಕಿಗೆ ತುಂಬಿದರು. ಕುರ್ಚಿಗಳು ವಿಮಾನದಲ್ಲಿ ಬಂದವು, ಆ ಕಥೆ ಬೇಡ. ಗೈಡ್ ಹಿಂದಿಯಲ್ಲಿ, “ಸರ್, ತಾಜ್ ವಿಷಯ ಒಂದು ಮಾತು...” ಎಂದ.

“ಮೊದಲು ಕೋಟೆ. ತಾಜ್ ಕೊನೆಗೆ. ಯಲ್ಲಾ.”

ಕಾರಿನಲ್ಲಿ ಅವನು ಮತ್ತೆ ಬಾಯಿ ತೆರೆದ. ಭಾವ ಡ್ರೈವರನಿಗೆ ಇಂಜಿನ್ನಿನ ಸದ್ದು ಸರಿಯಿಲ್ಲವೆಂದು ಪಾಠ ಶುರು ಮಾಡಿದರು. ಕೋಟೆಯ ಬಾಗಿಲಲ್ಲಿ ಮೂರನೇ ಸಲ ತೆರೆದ. “ಗೈಡ್ ಅಂದ್ರೆ ದಾರಿ ತೋರಿಸುವವ, ಭಾಷಣ ಎಂತಕ್ಕೆ?” ಎಂದು ಭಾವ ಮುಂದೆ ನಡೆದರು. ಆಮೇಲೆ ಅವನು ಆ ವಿಷಯ ಬಿಟ್ಟ. ನಾನಾಗಿದ್ದರೆ ಕೆಲಸವನ್ನೇ ಬಿಟ್ಟು ಹೋಗುತ್ತಿದ್ದೆ.

ಕೋಟೆಯಲ್ಲಿ ಗೈಡ್, ಮಗನೇ ತಂದೆಯನ್ನು ಇಲ್ಲಿ ಸೆರೆಯಲ್ಲಿಟ್ಟ ಕಥೆಗೆ ಬಂದ. ಅವನ ದನಿ ಆಗಷ್ಟೇ ಸ್ವಲ್ಪ ನಡುಗತೊಡಗಿತ್ತು. ಭಾವ ಮಧ್ಯೆ ನುಗ್ಗಿದರು.

“ಯಾರು ಯಾರನ್ನು ಕೂಡಿ ಹಾಕಿದ ಅಂತ ನಂಗೆ ಎಂತಕ್ಕೆ ಭಾಯಿ? ಈ ಕಲ್ಲು ಮೇಲೆ ಹೇಗೆ ಹೋಯ್ತು, ಅದು ಹೇಳು.”

ಗೈಡ್ ಏನೋ ಹೇಳಿದ. ಅದು ತಪ್ಪೆಂದು ಭಾವ ತಾವೇ ಶುರು ಮಾಡಿದರು. ಕುವೈತಿನ ಶುಐಬಾದ ಕಾರ್ಖಾನೆಯಲ್ಲಿ ಕ್ರೇನಿನಿಂದ ದೊಡ್ಡ ಟ್ಯಾಂಕು ಎತ್ತುವುದು ಹೇಗೆ ಎಂದು ಕೈಕಾಲು ಬೀಸಿ, ಕುವೈತಿನ ಹಿಂದಿಯಲ್ಲಿ ವಿವರಿಸಿದರು. ಸುತ್ತ ಜನ ಸೇರಿತು. ಗೈಡ್ ಇವರೇ ಎಂದುಕೊಂಡ ಒಂದು ಕುಟುಂಬ ಶೌಚಾಲಯ ಎಲ್ಲಿ ಎಂದು ಕೇಳಿತು. ಭಾವ ಆ ಕೋಟೆಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಆದರೂ ಖಚಿತವಾಗಿ ಎಡಕ್ಕೆ ಕೈ ತೋರಿಸಿದರು. ಆ ಪಾಪದವರು ಇನ್ನೂ ಹುಡುಕುತ್ತಿರಬೇಕು.

ಅಲ್ಲಿಯ ಒಂದು ಜಾಲರಿಯ ಹತ್ತಿರ ಅಕ್ಕ ಥಟ್ಟನೆ ನಿಂತಳು. ದೂರದಲ್ಲಿ, ಹೊಗೆಯಂಥ ಮಬ್ಬಿನಲ್ಲಿ, ಬೆಳ್ಳಗೆ ಅದು ಕಾಣುತ್ತಿತ್ತು. ಅವಳ ಮುಖ ನೋಡಿ ನನಗೂ ಒಂದು ಕ್ಷಣ ಸಿಟ್ಟು ಮರೆತುಹೋಯಿತು. ಭಾವ ಬಂದು ಅವಳ ಭುಜ ಹಿಡಿದು ತಿರುಗಿಸಿದರು.

“ಇಲ್ಲಿಂದ ನೋಡ್ಬೇಡ. ಹತ್ತಿರ ಹೋಗಿಯೇ ನೋಡುವ. ಅರ್ಧಂಬರ್ಧ ಎಂತಕ್ಕೆ?”

ಅಕ್ಕ ನಗುತ್ತಾ ಬೆನ್ನು ತಿರುಗಿಸಿದಳು. ಈ ಸಾಲು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ತಾಜ್ ಮಹಲಿನ ಗೇಟಿಗೆ ಬಂದೆವು. ಗೇಟು ಮುಚ್ಚಿತ್ತು. ಕಾವಲಿನವನು, ಇವತ್ತು ಶುಕ್ರವಾರ, ತಾಜ್ ಬಂದ್, ಮಸೀದಿಗೆ ನಮಾಜಿಗೆ ಬರುವವರಿಗೆ ಮಾತ್ರ ಬಿಡುತ್ತೇವೆ ಎಂದ. ನಾನು ಗೈಡನ ಮುಖ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಭಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕುವೈತಿನಲ್ಲಿ ಶುಕ್ರವಾರ ಬೆಳಿಗ್ಗೆ ಅಂಗಡಿಗಳು ಮುಚ್ಚಿರುತ್ತವೆ, ನಮಾಜ್ ಮುಗಿದದ್ದೇ ತಡ ಎಲ್ಲ ತೆರೆದು ಊರಿಗೆ ಊರೇ ಬೀದಿಗೆ ಬರುತ್ತದೆ. ಇಪ್ಪತ್ತು ಚಿಲ್ಲರೆ ವರ್ಷದಿಂದ ಹಾಗೆ ನೋಡಿದ ಮನುಷ್ಯ.

“ನಮಾಜ್ ಆದ ಕೂಡ್ಲೇ ತೆರೀತಾರೆ. ಇದೆಲ್ಲ ನಂಗೆ ಗೊತ್ತುಂಟು” ಎಂದು ಡಿಕ್ಕಿಯಿಂದ ಕುರ್ಚಿ ತೆಗೆದರು. ಗೈಡ್, “ಸರ್, ತೆರೆಯುವುದಿಲ್ಲ” ಎಂದ. ಭಾವ ಅವನ ಕೈಗೂ ಚಹಾ ಕೊಟ್ಟು ಸುಮ್ಮನಿರಿಸಿದರು. ಉರಿಬಿಸಿಲಿನಲ್ಲಿ, ತಾಜ್ ಮಹಲಿನ ಬೀದಿಯಲ್ಲಿ, ನಾವು ಮೂವರು ಮಡಚುವ ಕುರ್ಚಿಯ ಮೇಲೆ ಸಾಲಾಗಿ ಕೂತೆವು. ಪೊಲೀಸನೊಬ್ಬ ಬಂದು ಎಬ್ಬಿಸಿದ. ನಾಲ್ಕು ಮಾರು ದೂರ ಹೋಗಿ ಮತ್ತೆ ಕೂತೆವು. ಎರಡು ಮಂಗಗಳು ಬಂದು ಐಸ್ ಬಾಕ್ಸನ್ನು ಪರೀಕ್ಷಿಸಿದವು. ನಮಾಜ್ ಮುಗಿದು ಜನ ಹೊರಗೆ ಬಂದರು. ಭಾವ ಎದ್ದು, ಅಂಗಿ ಸರಿಮಾಡಿಕೊಂಡು, “ಯಲ್ಲಾ” ಎಂದರು.

ಗೇಟು ಮಾತ್ರ ಹಾಗೆಯೇ ಮುಚ್ಚಿತ್ತು.

“ಶುಕ್ರವಾರ ಬಂದ್ ಮಾಡುವುದಾ? ಶುಕ್ರವಾರವೇ ಅಲ್ವಾ ಜನ ಬರುವುದು?” ಎಂದು ಭಾವ ಕಾವಲಿನವನ ಮೇಲೆ ಹಾರಿದರು. ಹಾಗಾದರೆ ಯಾವತ್ತು ತೆರೆದಿರುತ್ತದೆ ಎಂದು ಗದರಿದರು. ಉಳಿದ ಎಲ್ಲ ದಿನ ಎಂದು ಅವನು ತಣ್ಣಗೆ ಹೇಳಿದ. ನಿನ್ನೆ ಕೂಡ ತೆರೆದಿತ್ತಂತೆ.

ನಿನ್ನೆ! ಅಲ್ಲಿಗೆ ನನ್ನ ತಾಳ್ಮೆ ಖಲಾಸ್.

“ಭಾವ, ನೀವು ಹುಟ್ಟಿದ ಮೇಲೆ ಒಬ್ಬರಿಗಾದ್ರೂ ಒಂದು ಮಾತು ಪೂರ್ತಿ ಹೇಳ್ಲಿಕ್ಕೆ ಬಿಟ್ಟಿದ್ದೀರಾ? ಈ ಮನುಷ್ಯ ಬೆಳಿಗ್ಗೆಯಿಂದ ಬಾಯಿ ತೆರೀತಾ ಇದ್ದಾರೆ. ನಾಳೆ ಬೆಳಗಾಗುವ ಮೊದಲು ನಮ್ಮ ವಿಮಾನ. ನಾಡಿದ್ದು ಅವಳು ಡ್ಯೂಟಿಗೆ ಹೋಗ್ಬೇಕು. ವಾರ್ಡಿಗೆ ವಾರ್ಡೇ ಕೇಳ್ತದೆ, ಎಂತ ಹೇಳ್ಬೇಕು ಅವಳು? ಗೇಟು ನೋಡಿ ಬಂದೆ ಅಂತವಾ? ಅವಳು ನಿಮ್ಮ ಹತ್ರ ಇದೊಂದೇ ಕೇಳಿದ್ದು. ಇದೊಂದನ್ನೂ ಹಾಳು ಮಾಡಿದ್ರಿ.”

ಬೀದಿಯವರೆಲ್ಲ ನಿಂತು ನೋಡಿದರು. ನೋಡಲಿ. ಆ ಗಂಟಲಿನವರು ತಿರುಗಿ ಕೂಗುತ್ತಾರೆಂದು ನಾನು ಕಾದೆ. ಭಾವ ಕುರ್ಚಿಗಳನ್ನು ಒಂದೊಂದಾಗಿ ಮಡಚಿದರು. ಅಕ್ಕ ನನ್ನ ತೋಳು ಹಿಡಿದು ಕಾರಿಗೆ ಎಳೆದಳು.

ನದಿಯ ಆಚೆ ದಡದಲ್ಲಿ ಒಂದು ತೋಟವಿದೆ, ಅಲ್ಲಿಂದ ತಾಜಿನ ಹಿಂಬದಿ ಚೆನ್ನಾಗಿ ಕಾಣುತ್ತದೆ ಎಂದು ಗೈಡ್ ಕರೆದುಕೊಂಡು ಹೋದ. ಕಂಡಿತು. ತೋಟ, ಬೇಲಿ, ಅದರಾಚೆ ಮರಳು, ಸೊರಗಿದ ನದಿ, ನದಿಯಾಚೆ ತಾಜ್ ಮಹಲ್. ಅಕ್ಕ ಹುಲ್ಲಿನ ಮೇಲೆ ಕೂತಳು. ಭಾವ ದೂರದಲ್ಲಿ, ಬೇಲಿಯ ಹತ್ತಿರ, ನಮಗೆ ಬೆನ್ನು ಹಾಕಿ ನಿಂತಿದ್ದರು. ನನಗೆ ಇನ್ನೂ ಮೈ ಉರಿಯುತ್ತಿತ್ತು.

“ನಿಂಗೆ ಸಿಟ್ಟೇ ಬರುವುದಿಲ್ವಾ ಅಕ್ಕ?”

“ಬರ್ತದೆ. ಆದ್ರೆ ಶುಕ್ರವಾರವೇ ಬೇಕು ಅಂದದ್ದು ನಾನು.”

“ನೀನಾ? ಶುಕ್ರವಾರವೇ ಎಂತಕ್ಕೆ?”

“ನಂಗೆ ಯಾವತ್ತಾದ್ರೂ ಶುಕ್ರವಾರ ರಜೆ ಸಿಕ್ಕಿದ್ದು ನೀನು ನೋಡಿದ್ದೀಯಾ? ಮಕ್ಕಳಿದ್ದವರಿಗೆ ಶುಕ್ರವಾರ ಕೊಡ್ತಾರೆ. ‘ನಿನಗೆ ಮನೆಯಲ್ಲಿ ಯಾರಿದ್ದಾರೆ’ ಅಂತ ನನ್ನನ್ನು ಡ್ಯೂಟಿಗೆ ಹಾಕ್ತಾರೆ. ಇವರಿಗೆ ರಜೆ ಇದ್ದ ದಿನ ನನಗೆ ಡ್ಯೂಟಿ, ನನಗೆ ರಜೆ ಇದ್ದ ದಿನ ಇವರಿಗೆ ಗ್ಯಾರೇಜ್. ಮದುವೆ ಆದಲ್ಲಿಂದ ಹಾಗೇ. ಪ್ರತಿ ಶುಕ್ರವಾರ ಇವರೇ ಅಡುಗೆ ಮಾಡಿ ಆಸ್ಪತ್ರೆಯ ಪಾರ್ಕಿಂಗಿಗೆ ತರ್ತಾರೆ. ಇಬ್ಬರೂ ಕಾರಲ್ಲಿ ಕೂತು ತಿನ್ನುವುದು. ಅನ್ನ ಕಲಸುವಾಗ ವಾರ್ಡಿಂದ ಫೋನ್ ಬರ್ತದೆ. ‘ಒಂದು ಶುಕ್ರವಾರ ನೋಡು, ಬೆಳಿಗ್ಗೆಯಿಂದ ಸಂಜೆವರೆಗೆ ನಿನ್ನನ್ನು ತಿರುಗಾಡಿಸ್ತೇನೆ’ ಅಂತ ಇವರು ಹೇಳ್ತಾನೇ ಇದ್ರು. ಕುವೈತಿನಲ್ಲಿ ಎಲ್ಲರೂ ಶುಕ್ರವಾರ ಹೋಗುವ ಹಾಗೆ ನಂಗೂ ಒಮ್ಮೆ ಹೋಗ್ಬೇಕು ಅಂತ ಆಸೆ ಇತ್ತು ಮಾರಾಯ್ತಿ.”

ನನಗೆ ಇದೊಂದೂ ಗೊತ್ತಿರಲಿಲ್ಲ. ಆ ಗಂಟಲಿನ ಮನುಷ್ಯ ಅಡುಗೆ ಮಾಡುತ್ತಾರೆಂದೇ ಗೊತ್ತಿರಲಿಲ್ಲ. ಹೇಳಿದ್ದರೆ ನಮಗೆ ಅರ್ಥವಾಗುತ್ತಿರಲಿಲ್ಲವೇ? ಬೇಡದ್ದಕ್ಕೆಲ್ಲ ಕೂಗುವವರು ಇದನ್ನು ಒಂದು ಸಲ ಮೆಲ್ಲಗೆ ಹೇಳಬಾರದಿತ್ತೇ? ನನಗೆ ಮತ್ತೆ ಸಿಟ್ಟು ಬಂತು, ಜೊತೆಗೆ ಅಳುವೂ ಬಂತು.

ಭಾವ ಬೇಲಿಯ ಹತ್ತಿರದಿಂದ ತಿರುಗಿ ಬಂದರು. ಗೈಡನ ಎದುರು ನಿಂತು, ನಾನು ಅವರ ಬಾಯಲ್ಲಿ ಎಂದೂ ಕೇಳದ ತಗ್ಗಿದ ದನಿಯಲ್ಲಿ, “ಭಾಯಿ, ಒಳಗೆ ಹೇಗೆ ಉಂಟು ಅಂತ ಇವಳಿಗೆ ಎಲ್ಲ ಸರಿಯಾಗಿ ಹೇಳು. ಅವಳು ಹೋಗಿ ಹೇಳ್ಲಿಕ್ಕುಂಟು” ಎಂದರು.

ಗೈಡ್ ಅಕ್ಕನ ಎದುರು ಕೂತು ಬಾಗಿಲಿನಿಂದ ಶುರು ಮಾಡಿದ. ಒಳಗೆ ಕಾಲಿಟ್ಟಾಗ ಕಲ್ಲು ಹೇಗಿರುತ್ತದೆ, ಮೆಲ್ಲಗೆ ಆಡಿದ ಮಾತು ಮೇಲೆ ಹೋಗಿ ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲ ಹೇಳಿದ. ಅಕ್ಕ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದಳು. ಇಳಿಬಿಸಿಲು ಅವಳ ಮುಖಕ್ಕೆ ಹೊಡೆಯುತ್ತಿತ್ತು. ಭಾವ ಹೋಗಿ ಅವಳ ಬಲಬದಿಯಲ್ಲಿ ಬಿಸಿಲಿಗೆ ಅಡ್ಡ ನಿಂತರು, ತಮ್ಮ ನೆರಳು ಅವಳ ಮೇಲೆ ಬೀಳುವ ಹಾಗೆ. ಬಿಸಿಲು ಸರಿದ ಹಾಗೆ ತಾವೂ ಸರಿದರು. ಗೈಡ್ ಹೇಳಿ ಮುಗಿಸುವವರೆಗೆ ಅಲ್ಲೇ ಇದ್ದರು, ಒಂದೇ ಒಂದು ಮಾತಿಗೂ ಅಡ್ಡ ಬರಲಿಲ್ಲ.