ಇದ್ದಿಲೋ ಡೀಸೆಲ್ಲೋ

ಗುಂಡ್ಲುಪೇಟೆಯ ಆ ಬೀದಿಗೆ ಕರೆಂಟು ಬಂದು ಒಂದು ವರ್ಷವಾಗಿತ್ತು; ಅದು ಹೋಗುವುದನ್ನು ಕಲಿತು ಹನ್ನೊಂದು ತಿಂಗಳು. ಕರೆಂಟು ಹೋದಾಗ ದೀಪ ಉರಿಸಲು ಬೀದಿಗೆಲ್ಲ ಒಂದು ಎಂಜಿನ್ ಇಟ್ಟುಕೊಳ್ಳೋಣವೆಂದು ಎಲ್ಲರೂ ಒಪ್ಪಿದರು. ಯಾವ ಎಂಜಿನ್ ಎನ್ನುವಲ್ಲಿ ಜಗಳ ಹತ್ತಿತು.

ರೈಸ್ ಮಿಲ್ಲಿನ ಗುರುಪಾದಸ್ವಾಮಿ ಡೀಸೆಲ್ ಎಂದರು. ಪೆಟ್ರೋಲ್ ಸಿಗದ ಯುದ್ಧಕಾಲದಲ್ಲಿ ಇದ್ದಿಲು ಸುಟ್ಟ ಗ್ಯಾಸಿನಿಂದ ಬಸ್ಸು ಓಡಿಸಿದ್ದ ಡ್ರೈವರ್ ಪುಟ್ಟಬಸಪ್ಪ ಗ್ಯಾಸೇ ಆಗಬೇಕೆಂದ. ಭಾನುವಾರ ಎರಡನ್ನೂ ಓಡಿಸಿ ನೋಡುವುದು, ತೀರ್ಪು ಗುಮಾಸ್ತ ನೀಲಕಂಠಸ್ವಾಮಿಯದು ಎಂದಾಯಿತು. "ಇಬ್ಬರಿಗೂ ಬೇಕಾದವನು" ಎಂದರು ಜನ. ಅವನ ಸಂಕಟವೂ ಅದೇ. ಗುರುಪಾದಸ್ವಾಮಿ ಅವನಿದ್ದ ಮನೆಯ ಮಾಲೀಕರು; ಪುಟ್ಟಬಸಪ್ಪ ಹೆಂಡತಿಯ ತಮ್ಮ.

ಭಾನುವಾರ ಬೆಳಿಗ್ಗೆ ರೊಟ್ಟಿ ಹಾಕುತ್ತ ಹೆಂಡತಿ ಪುಟ್ಟಮಲ್ಲಮ್ಮ, "ನನ್ ತಮ್ಮನ್ನ ಸೋಲಿಸ್ಬುಟ್ರೆ ನಾಳಿಂದ ನೀವೇ ಒಲೆ ಹಚ್ಕಳಿ" ಎಂದಳು. ಬಾಗಿಲು ದಾಟಿದರೆ ಗುರುಪಾದಸ್ವಾಮಿ ನಗುತ್ತ ನಿಂತಿದ್ದರು. "ಈಗ ಬ್ಯಾರೆ ಮನೆ ಸಿಗೋದು ಬಲು ಕಷ್ಟ ಕಣಯ್ಯ."

ನಾಲ್ಕು ಗಂಟೆಗೆ ಬೀದಿ ನಡುವೆ ಪುಟ್ಟಬಸಪ್ಪ ಎಂಜಿನ್ನಿಗೆ ಜೋಡಿಸಿದ್ದ ಪೀಪಾಯಿಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಹಾಕತೊಡಗಿದ. ಅರ್ಧ ಗಂಟೆಯಾದರೂ ಬರೀ ಹೊಗೆ. ಎದುರುಮನೆಯ ಬಸವಮ್ಮ ಒಣಹಾಕಿದ್ದ ಬಿಳಿ ಪಂಚೆಗಳು ಕರೀ ಕಂಬಳಿಗಳಾದವು. "ಯಾವ ಸುಡುಗಾಡು ತಂದ್ಯಲಾ!" ಎಂದು ಆಕೆ ಪೊರಕೆ ಹಿಡಿದು ಬರುವಷ್ಟರಲ್ಲಿ ಎಂಜಿನ್ ಕೆಮ್ಮಿ ಎದ್ದಿತು, ಬಲ್ಬು ಕುಂಬಳಹೂವಿನಂತೆ ಹಳದಿಗೆ ಅರಳಿತು.

ಡೀಸೆಲ್ ಎಂಜಿನ್ ಹ್ಯಾಂಡಲ್ ಎರಡು ಸುತ್ತು ತಿರುಗಿಸಿದ್ದಕ್ಕೇ ಹತ್ತಿತು. ಬೆಳಕೇನೋ ಝಗ್ಗೆಂದಿತು, ಆದರೆ ಆ ಸದ್ದಿಗೆ ಸೂರಿನ ಹೆಂಚು ಜಾರಿದವು. ಬಸವಮ್ಮನ ಎಮ್ಮೆ ಹಗ್ಗ ಕಿತ್ತುಕೊಂಡು ಬೇಗೂರಿನ ದಾರಿ ಹಿಡಿಯಿತು.

"ಹೇಳಯ್ಯ ತೀರ್ಪ!" ಎಂದರು ಗುರುಪಾದಸ್ವಾಮಿ.

"ಹೇಳು ಬಾವ, ಯಾಕ್ ನಿಂತ್ಕಂಡೆ?"

ಎರಡೂ ಕಡೆಯವರು ತೋಳು ಮಡಚಿ ಹತ್ತಿರ ಬಂದರು. ನೀಲಕಂಠಸ್ವಾಮಿ ಕಣ್ಣು ಮುಚ್ಚಿ ಕಿರುಚಿದ: "ಎರಡೂ ಇರ್ಲಿ! ಡೀಸೆಲ್ ಬೇಗ ಹತ್ತುತ್ತೆ. ಅದು ಸಿಗದ ದಿನ ಇದ್ದಿಲು ಕೈ ಹಿಡೀತದೆ!"

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಗುರುಪಾದಸ್ವಾಮಿ ಬೆನ್ನು ತಟ್ಟಿದರು, ಪುಟ್ಟಬಸಪ್ಪ ತಬ್ಬಿಕೊಂಡ. ಗೆದ್ದೆನೆಂದು ನೀಲಕಂಠಸ್ವಾಮಿ ಹಣೆಯ ಬೆವರು ಒರೆಸಿಕೊಂಡ.

"ಸರಿ, ಇವನ್ನ ಎಲ್ಲಿ ಮಡಗೀರಿ?" ಎಂದಳು ಬಸವಮ್ಮ.

"ಇವನ ಮನೆ ಹಿತ್ಲು ನಂದೇ ಅಲ್ವಾ" ಎಂದರು ಗುರುಪಾದಸ್ವಾಮಿ.

"ಅಕ್ಕನ ಮನೇಲಿ ನನ್ನ ಬ್ಯಾಡ ಅನ್ನೋರ್ಯಾರು?" ಎಂದ ಪುಟ್ಟಬಸಪ್ಪ.

ಮೊದಲ ಸಲ ಇಬ್ಬರ ಮಾತೂ ಒಂದಾಗಿತ್ತು.

ಸಂಜೆ ಕರೆಂಟು ಹೋಯಿತು. ನೀಲಕಂಠಸ್ವಾಮಿಯ ಹಿತ್ತಿಲಲ್ಲಿ ಎರಡೂ ಎಂಜಿನ್‌ಗಳು ಗುಡುಗಿದವು, ಬೀದಿಯ ಮನೆಮನೆಯೂ ಬೆಳಗಿತು. ಮಾಲೀಕರು ಇನ್ನೂ ಕರೆಂಟು ಹಾಕಿಸಿಕೊಡದಿದ್ದ ತನ್ನ ಮನೆಯಲ್ಲಿ ಅವನು ಹೊಗೆಗೆ ಕೆಮ್ಮುತ್ತ, ಬುಡ್ಡಿದೀಪ ಹಚ್ಚಲು ಬೆಂಕಿಪೊಟ್ಟಣ ತಡಕಾಡಿದ.