ನಮ್ಮ ವೆಬ್‌ಸೈಟಿಗೆ ಅತ್ತೆ ನೋಡಿದ ಸಂಬಂಧ

ನನಗೆ ಆರಿಸುವುದಕ್ಕೆ ಬರುವುದಿಲ್ಲ. ನಾನು ಆರಿಸಿ ತಂದ ಬದನೆಕಾಯಿಯಲ್ಲಿ ಹುಳವಿರುತ್ತದೆ. ಮೆಚ್ಚಿ ತಂದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಯಜಮಾನರ ಬಿಳಿ ಪಂಚೆಯನ್ನೂ ಹಾಳು ಮಾಡುತ್ತದೆ. ಯಜಮಾನರನ್ನು ಮಾತ್ರ ಹಿರಿಯರು ಆರಿಸಿದ್ದರಿಂದ ಇನ್ನೂ ಬಾಳಿಕೆ ಬರುತ್ತಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ, ನಾನೂ ಅತ್ತೆಯೂ ನಂಜನಗೂಡಿನ ನಮ್ಮ ತಾರಸಿಯಲ್ಲಿ ಒಣಗಿಸುವ ಸಂಡಿಗೆ, ಹಪ್ಪಳ ಮಾರಲು ವೆಬ್‌ಸೈಟು ಮಾಡಿಸಿದಾಗ, ಅದಕ್ಕೆ ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯನ್ನು ನಾನೇ ಆರಿಸಿದೆ. ಜಾಹೀರಾತಿನ ಹುಡುಗಿ ಚೆನ್ನಾಗಿ ನಗುತ್ತಿದ್ದಳು. ಅದೊಂದೇ ಕಾರಣ.

ಬೇಸಿಗೆಯಲ್ಲಿ, ಮದುವೆಗಳಿಂದಾಗಿ ಸಂಡಿಗೆಗೆ ಎಲ್ಲಿಲ್ಲದ ಬೇಡಿಕೆ ಇರುವ ಹೊತ್ತಿನಲ್ಲೇ, ಸೈಟು ಕಣ್ಣು ಮುಚ್ಚಿತು. ಕಂಪನಿಗೆ ಬರೆದಾಗಲೆಲ್ಲ ‘ನಿಮ್ಮ ತೊಂದರೆ ನಮಗೆ ಬಹಳ ಮುಖ್ಯ’ ಎಂಬ ಉತ್ತರ ಬರುತ್ತಿತ್ತೇ ಹೊರತು ಒಬ್ಬ ಮನುಷ್ಯ ಮಾತಿಗೆ ಸಿಗಲಿಲ್ಲ. ಮೈಸೂರಿನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, “ಏನ್ರೀ, ಅಂಗಡಿ ಮುಚ್ಚಿಬಿಟ್ರಾ? ನಾವು ಬೇರೆ ಕಡೆ ತಗೊಂಡ್ವಿ” ಎಂದಾಗ ನನಗೆ ಅಳುವೇ ಬಂತು. ಡಬ್ಬಿಗಟ್ಟಲೆ ಸಂಡಿಗೆ ಮನೆಯಲ್ಲೇ ಕುಳಿತಿತ್ತು. ಇನ್ನೊಂದು ಸಲ ಹೀಗಾದರೆ ನಮ್ಮ ವ್ಯಾಪಾರ ನಿಜವಾಗಿಯೂ ಮುಚ್ಚಿದಂತೆಯೇ.

ನಮ್ಮ ಅತ್ತೆ ತಿ. ನರಸೀಪುರದ ಕಡೆಯವರು. ಕಂಪ್ಯೂಟರಿಗೆ ಅವರ ಕೈ ಸೋಕುವುದು ಧೂಳು ಒರೆಸುವಾಗ ಮಾತ್ರ. ಆದರೆ ಬಳಗದಲ್ಲಿ ಯಾರ ಮನೆಗೆ ಸಂಬಂಧ ಬಂದರೂ ವಿಚಾರಿಸಲು ಇವರನ್ನೇ ಕರೆದೊಯ್ಯುತ್ತಾರೆ. ನನ್ನ ಗೋಳು ಕೇಳಿ, “ಬಾಡ್ಗೆಗೆ ಕೊಡೋರ್ನ ಮೊಕ ನೋಡಿ ಆರಿಸ್ತಾರೇನವ್ವ? ಪೋನ್ ಆಕು, ನಾ ಮಾತಾಡ್ತೀನಿ. ಉಣ್ಣೋ ಒತ್ನಲ್ಲೇ ಆಕು. ಯಾರು ಎತ್ತಾರೆ ಅಂತ ಗೊತ್ತಾಯ್ತದೆ” ಎಂದರು.

ಮೊದಲನೆಯ ಕಂಪನಿಯಲ್ಲಿ ರೆಕಾರ್ಡಿನ ಹೆಂಗಸು ಒಂದು ಒತ್ತಿ, ಎರಡು ಒತ್ತಿ ಎನ್ನತೊಡಗಿದಳು. “ನೀನೇ ಒತ್ಕೊಳವ್ವ” ಎಂದು ಅತ್ತೆ ಕಟ್ ಮಾಡಿಸಿದರು. ಎರಡನೆಯ ಕಡೆ ಬೆಣ್ಣೆಯಂಥ ಮಾತಿನ ಹುಡುಗ. “ನಮ್ಮದು ಯಾವತ್ತೂ ಕೆಡೋದೇ ಇಲ್ಲ ಆಂಟಿ” ಎಂದ. “ಕೆಡ್ದೇ ಇರೋದು ಎಲ್ಲೈತಪ್ಪ? ನನ್ ಮಂಡೀನೇ ಕೆಟ್ಟೋಗೈತೆ” ಎಂದು ಅವನನ್ನೂ ಕಳಿಸಿದರು. ಮೂರನೆಯವರು ಮೈಸೂರಿನ ಸಣ್ಣ ಕಂಪನಿಯ ಯಜಮಾನರು. ಬಾಯಲ್ಲಿ ತುತ್ತಿಟ್ಟುಕೊಂಡೇ “ಹೇಳಿ ಅಮ್ಮಾ” ಎಂದರು.

“ನಿಮ್ದು ಯಾವತ್ತಾರ ಕೆಟ್ಟು ಕುಂತಿತ್ತಾ?”

ಆ ಕಡೆ ತುತ್ತು ನುಂಗಿದ ಸದ್ದು. “ಕೆಟ್ಟಿತ್ತಮ್ಮ. ಹೋದ ದೀಪಾವಳಿಲಿ ಒಂದು ಮಧ್ಯಾಹ್ನ ಪೂರ್ತಿ ನಿಂತೋಗಿತ್ತು. ಎಲ್ಲರಿಗೂ ನಾನೇ ಫೋನ್ ಮಾಡಿ ಹೇಳ್ದೆ, ಬೈಸ್ಕೊಂಡೆ. ಎಲ್ಲರ ಸೈಟಿಂದೂ ಬೇರೆ ಕಡೆ ಇನ್ನೊಂದು ನಕಲು ಇಟ್ಟಿದ್ದೆ. ಸಂಜೆಗೆ ಎದ್ದು ನಿಲ್ತು.”

ಬೇಡ, ಬೇಡವೆಂದು ನಾನು ಕೈ ಆಡಿಸುತ್ತಿದ್ದರೆ ಅತ್ತೆಯ ಮುಖ ಅರಳಿತು. ಆದರೂ ಬಿಡಲಿಲ್ಲ. ತನ್ನ ಸೈಟಿಗೆ ಅವರಲ್ಲೇ ಜಾಗ ಪಡೆದಿದ್ದ ಸೋಮನಾಥಪುರದ ಹೋಂಸ್ಟೇ ಒಡತಿಯ ನಂಬರನ್ನು ಅವರಿಂದಲೇ ಕೇಳಿ, ಆಕೆಗೂ ಫೋನ್ ಮಾಡಿಸಿದರು. ಆಕೆ, “ಅವತ್ತು ಬೈದಿದ್ದು ನಾನೇ ಕಣಮ್ಮ. ಆದ್ರೂ ಫೋನ್ ಮಾತ್ರ ಎತ್ತಿದ್ರು” ಎಂದಳು. ಸಂಬಂಧ ಗಟ್ಟಿಯಾಯಿತು.

ನಿಜ ಹೇಳುತ್ತೇನೆ, ಅತ್ತೆಯ ಬುದ್ಧಿಗೆ ನಾನು ಮನಸಾರೆ ಸೋತುಹೋದೆ. ಗೌರಿಹಬ್ಬಕ್ಕೆ ಮುನ್ನ ಸೈಟು ಒಮ್ಮೆ ನಿಂತಿತು. ನಾನು ನೋಡುವ ಮೊದಲೇ, “ಮೇಡಂ, ನಿಂತಿದೆ, ಸರಿ ಮಾಡ್ತಿದ್ದೀನಿ” ಎಂದು ಆ ಸಣ್ಣ ಕಂಪನಿಯವರ ಫೋನು. ನಾನು ಅನ್ನಕ್ಕಿಟ್ಟು ಬರುವಷ್ಟರಲ್ಲಿ ಸರಿಹೋಗಿತ್ತು. ಮೈಸೂರಿನ ಆ ಗಿರಾಕಿಯೂ ಹಿಂತಿರುಗಿ ಬಂದರು.

ಮೊನ್ನೆ ತಡೆಯಲಾರದೆ ಕೇಳಿದೆ: “ಅಲ್ಲ ಅತ್ತೆ, ಕೆಟ್ಟಿತ್ತು ಅಂದವರನ್ನೇ ಯಾಕೆ ಒಪ್ಪಿದ್ರಿ?”

“ನಿನ್ನೂ ಅಂಗೇ ತಾನೆ ಒಪ್ಪಿದ್ದು? ಬ್ಯಾರೆ ಎಣ್ಗಳ ಅವ್ವಂದಿರೆಲ್ಲ ನಮ್ ಮಗ್ಳು ಚಿನ್ನ, ಬಂಗಾರ ಅಂದ್ರು. ನಿಮ್ಮವ್ವ ಒಬ್ಳೇ, ‘ಇವ್ಳಿಗೆ ಕ್ವಾಪ ಬಂದ್ರೆ ಬಾಗ್ಲಾಕ್ಕೊಂಡು ಕುಂತ್ಕತಾಳೆ, ಕಾಪಿ ಒತ್ಗೆ ತಾನೇ ಈಚೆಗೆ ಬತ್ತಾಳೆ’ ಅಂದ್ಲು.”

ನನಗೆ ರೇಗಿಹೋಯಿತು. ಹೆತ್ತ ತಾಯಿಯೇ ಹೀಗೆ ಹೇಳುವುದೇ! ದಡಾರನೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆ. ಏನೇ ಆದರೂ ಈ ಸಲ ಹೊರಗೆ ಹೋಗಬಾರದು ಎಂದುಕೊಂಡೆ. ಅಷ್ಟರಲ್ಲಿ ಕಾಫಿಯ ಘಮ ಬಂತು. ತಡೆದೆ, ತಡೆದೆ, ಕೊನೆಗೆ ಚಿಲಕ ತೆಗೆದೆ. ನನ್ನ ಲೋಟಕ್ಕೆ ಆಗಲೇ ಬಗ್ಗಿಸಿಟ್ಟಿದ್ದ ಅತ್ತೆ ಅದನ್ನು ನನ್ನ ಮುಂದೆ ಚಾಚಿ ಕೇಳಿದರು:

“ಸೈಟು ಎದ್ ನಿಂತ್ಕತೇನವ್ವ?”